ನಗಾರಖಾನೆಗೆ ಹೊಸ ಉದ್ಯೋಗ

ವಿಜಯಪುರಕ್ಕೆ ಬಂದವರು ಗೋಳಗುಮ್ಮಟವನ್ನು ನೋಡದೆ ಹಿಂದಿರುಗುವುದಿಲ್ಲ. ಆದರೆ ನೋಡಿ ಬಂದವರನ್ನು, "ಗುಮ್ಮಟಕ್ಕೆ ಎದುರಾಗಿ, ಅದರ ದಾರಿಯಲ್ಲೇ ನಿಂತಿದೆಯಲ್ಲ, ಆ ಕಟ್ಟಡ ಯಾವುದು?" ಎಂದು ಕೇಳಿ ನೋಡಿರಿ. ಬಹುಮಂದಿ "ಯಾವ ಕಟ್ಟಡ?" ಎಂದು ನಿಮ್ಮನ್ನೇ ಕೇಳುತ್ತಾರೆ. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ತಿಳಿಯದು. ದಕ್ಷಿಣದಿಂದ ಬರುವವನಿಗೆ ಮೊದಲು ಸಿಗುವುದೇ ಆ ಕಟ್ಟಡ. ಅದರ ತಲೆಯ ಮೇಲಿಂದಲೇ ಗುಮ್ಮಟ ಮೊದಲು ಕಣ್ಣಿಗೆ ಬೀಳುವುದು. ಆದರೂ ಕಣ್ಣು ಅದನ್ನು ದಾಟಿ ಹೋಗಿಬಿಡುತ್ತದೆ.

ಅದು ನಗಾರಖಾನೆ. ಗುಮ್ಮಟದ ಕಾಲಕ್ಕೆ, ಗುಮ್ಮಟಕ್ಕಾಗಿಯೇ ಕಟ್ಟಿದ್ದು. ೧೮೯೨ರಿಂದ ಅದು ವಸ್ತುಸಂಗ್ರಹಾಲಯವಾಗಿದೆ. ಮೊದಲು ಜಿಲ್ಲೆಯ ಸಂಗ್ರಹಾಲಯವಾಗಿದ್ದು, ೧೯೮೨ರಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಕೈಗೆ ಬಂದಿತು. ಹಳೆಯ ಸಾರ್ವಜನಿಕ ಕಟ್ಟಡಗಳಿಗೆ ಹೊಸ ಉದ್ಯೋಗವನ್ನು ಕೊಡಬಹುದೆ, ಕೊಡುವುದಾದರೆ ಎಂಥದನ್ನು ಕೊಡಬೇಕು ಎಂಬ ಪ್ರಶ್ನೆಯನ್ನು ಕುರಿತು ನನಗೆ ತೋಚಿದ ನಾಲ್ಕು ಮಾತುಗಳನ್ನು ಸಹಪಾಠಿಗಳ ಮತ್ತು ಗುರುಗಳ ಮುಂದಿಡಲು ಈ ಕಟ್ಟಡವನ್ನೇ ಆರಿಸಿಕೊಂಡಿದ್ದೇನೆ. ಇದನ್ನು ಸಣ್ಣದೆಂದು ಕರೆಯುವುದು ನೆರೆಯವನ ದೆಸೆಯಿಂದ ಮಾತ್ರ. ಬೇರೆ ಯಾವುದಾದರೂ ತಾಲ್ಲೂಕಿನ ಊರಿನಲ್ಲಿ ಇದು ನಿಂತಿದ್ದರೆ ಆ ಊರಿನ ಹೆಸರು ಹೇಳಿದೊಡನೆ ಇದರ ಚಿತ್ರವೇ ಮನಸ್ಸಿಗೆ ಬರುತ್ತಿತ್ತು. ಇಲ್ಲಿ ಅದರ ಬೆನ್ನಹಿಂದೆ ಇನ್ನೂರು ಅಡಿಗೆ ಸಮೀಪದ ಎತ್ತರದ, ಒಳಗಡೆ ಒಂದೊಂದು ಪಕ್ಕ ೧೩೫ ಅಡಿ ಉದ್ದದ, ಹದಿನೆಂಟು ಸಾವಿರ ಚದರಡಿಗೂ ಮಿಕ್ಕ ನೆಲವನ್ನು ಒಂದೇ ಗುಮ್ಮಟದಿಂದ ಮುಚ್ಚಿದ ದೈತ್ಯನೊಬ್ಬ ನಿಂತಿದ್ದಾನೆ. ಅಂಥವನ ಮುಂದೆ ಯಾರು ತಾನೆ ದೊಡ್ಡವರೆನಿಸಿಯಾರು?

ನಗಾರಖಾನೆ ಎಂದರೇನೆಂಬುದನ್ನು ಉತ್ತರ ಕರ್ನಾಟಕದವರಿಗೆ ಹೇಳಬೇಕಾಗಿಲ್ಲ. ಇಲ್ಲಿಯ ಮಠ ಮಂದಿರಗಳ ಹೆಬ್ಬಾಗಿಲ ಮೇಲೆ ಇಂದಿಗೂ ನಗಾರಿಯನ್ನಿಟ್ಟಿರುವುದುಂಟು. ಅರಸರ ಕಾಲದಲ್ಲಿ ಅರಮನೆಯ ಮುಂದೆ, ಅರಸರು ಸತ್ತಮೇಲೆ ಅವರ ಗೋರಿಯ ಮುಂದೆ, ಗೊತ್ತಾದ ವೇಳೆಗೆ ನಗಾರಿ ಶಹನಾಯಿಗಳನ್ನು ನುಡಿಸುವುದು ಮರ್ಯಾದೆಯ ಒಂದು ಅಂಗವಾಗಿತ್ತು. ಊರಿನವರಿಗೆ ಅದೇ ಗಡಿಯಾರ. ಬರುವವನಿಗೆ, ನೀನೀಗ ದೊಡ್ಡ ಸ್ಥಳಕ್ಕೆ ಬರುತ್ತಿದ್ದೀಯೆ ಎಂಬ ಸೂಚನೆ. ಆದಕಾರಣ ಇಂಥ ಕಟ್ಟಡದ ವಿನ್ಯಾಸಕ್ಕೆ ತನ್ನದೇ ಆದ ತರ್ಕವಿದೆ. ಕೆಳಗೆ ಜನ ಹಾದು ಹೋಗಬೇಕು. ಆದ್ದರಿಂದ ಎತ್ತರದ ಕಮಾನುಗಳು. ಮೇಲೆ ವಾದ್ಯಗಾರರು ಕುಳಿತುಕೊಳ್ಳಬೇಕು; ಆದ್ದರಿಂದ ಮಾಳಿಗೆ. ಅವರ ವಾದ್ಯದ ಸದ್ದು ಗೋಡೆಗೆ ಬಡಿದು ಅಲ್ಲಿಯೇ ಸಾಯದೆ ಊರಿನ ಮೇಲೆ ಹರಿಯಬೇಕು. ಆದ್ದರಿಂದ ಮೇಲ್ಗಡೆ ಗಾಳಿಗೆ ತೆರೆದ ಬಾಯಿಗಳು. ಬಿಜಾಪುರದ ಕರಿಯ ಕಲ್ಲು, ಗಟ್ಟಿ ಗಾರೆ, ದಪ್ಪ ಗೋಡೆ. ಇಬ್ರಾಹಿಂ ರೋಜಾದ ಕುಸುರಿಯನ್ನು ಇಲ್ಲಿ ಹುಡುಕುವವನಿಗೆ ನಿರಾಶೆಯೇ ಗತಿ. ಇದು ಕೆಲಸದ ಕಟ್ಟಡ, ಸಿಂಗಾರದ್ದಲ್ಲ.

ಇಲ್ಲಿ ಒಂದು ವಿನೋದವನ್ನು ಹೇಳದಿರಲಾಗದು. ಗುಮ್ಮಟ ಇರುವುದು ಮೌನಕ್ಕಾಗಿ. ೧೬೫೬ರಲ್ಲಿ ತೀರಿಕೊಂಡ ಮಹಮ್ಮದ ಆದಿಲ್ ಷಾ ತನ್ನ ಮನೆಯವರೊಡನೆ ಅಲ್ಲಿ ಮಲಗಿದ್ದಾನೆ. ನಗಾರಖಾನೆ ಇರುವುದು ಸದ್ದಿಗಾಗಿ. ಇಂದು ನಡೆಯುತ್ತಿರುವುದು ಇದಕ್ಕೆ ತೀರ ವಿರುದ್ಧ. ಮಾತನಾಡುವ ಗ್ಯಾಲರಿಗೆ ಏರಿದ ಪ್ರತಿಯೊಬ್ಬನೂ, ಒಂದು ಕೂಗು ಏಳು ಸಲ ಮರಳುವುದೋ ಹತ್ತು ಸಲ ಮರಳುವುದೋ ಎಂದು ಪರೀಕ್ಷಿಸಲು ಗಂಟಲು ಹರಿದುಕೊಳ್ಳುತ್ತಾನೆ. ಶಾಲೆಯ ಪ್ರವಾಸದ ಮಕ್ಕಳು ಬಂದ ದಿನವಂತೂ ಸುಲ್ತಾನನಿಗೆ ನಿದ್ರೆ ಬಂದೀತೆಂಬ ನಂಬಿಕೆ ನನಗಿಲ್ಲ. ಅತ್ತ ನಗಾರಖಾನೆಯಲ್ಲಿ ಗಾಜಿನ ಪೆಟ್ಟಿಗೆಗಳ ನಡುವೆ ಪಹರೆಯವನ ಚಪ್ಪಲಿಯ ಸಪ್ಪಳವೂ ಕೇಳಿಸುವಷ್ಟು ಮೌನ. ಗೋರಿ ಗದ್ದಲದ ಮನೆಯಾಯಿತು, ಗದ್ದಲದ ಮನೆ ಗೋರಿಯಂತೆ ಶಾಂತವಾಯಿತು.

ಆದರೆ ಈ ವಿಪರ್ಯಾಸವನ್ನೇ ಹಿಡಿದು, ನಗಾರಖಾನೆಗೆ ಕೊಟ್ಟ ಹೊಸ ಕೆಲಸ ತಪ್ಪೆಂದು ಹೇಳುವವರ ಪಕ್ಷಕ್ಕೆ ನಾನು ಸೇರಲಾರೆ. ಈ ಊರಿನಲ್ಲಿ ಹಳೆಯ ಕಟ್ಟಡಗಳಿಗೆ ಕೊಟ್ಟ ಹೊಸ ಉದ್ಯೋಗಗಳಲ್ಲೆಲ್ಲ ಇದೇ ಹೆಚ್ಚು ಸರಿಯಾದದ್ದೆಂಬುದು ನನ್ನ ಅಭಿಪ್ರಾಯ. ಹಾಗೆನ್ನಲು ಕಾರಣ, ಉಳಿದವುಗಳಿಗೆ ಏನೇನು ಉದ್ಯೋಗ ಸಿಕ್ಕಿತ್ತೆಂಬುದನ್ನು ನೋಡಿದರೆ ತಿಳಿಯುತ್ತದೆ.

೧೮೮೪ರಲ್ಲಿ ಬಿಜಾಪುರಕ್ಕೆ ರೈಲು ಬಂದಿತು. ೧೮೮೫ರಲ್ಲಿ ಜಿಲ್ಲೆಯ ಮುಖ್ಯ ಠಾಣೆ ಕಲಾದಗಿಯಿಂದ ಇಲ್ಲಿಗೆ ವರ್ಗವಾಯಿತು. ಕಲೆಕ್ಟರರು ಬಂದರು, ಜಡ್ಜರು ಬಂದರು, ಇಂಜಿನಿಯರರು ಬಂದರು, ಅವರ ಹಿಂದೆ ಕಾರಕೂನರು ದಫ್ತರಗಳ ಗಂಟು ಹೊತ್ತು ಬಂದರು. ಇಷ್ಟು ಜನಕ್ಕೆ ಇಂಬೆಲ್ಲಿ? ಊರ ತುಂಬ ಆದಿಲ್ ಷಾಹಿ ಅರಮನೆಗಳು ಒಡೆಯರಿಲ್ಲದೆ ನಿಂತಿದ್ದವು. ಹೊಸದಾಗಿ ಕಟ್ಟುವುದಕ್ಕಿಂತ ಇದ್ದುದನ್ನು ದುರಸ್ತಿ ಮಾಡಿಕೊಳ್ಳುವುದು ಸರ್ಕಾರಕ್ಕೆ ಅಗ್ಗವಾಗಿ ಕಂಡಿತು. ಅದಾಲತ್ ಮಹಲು ಕಲೆಕ್ಟರರ ವಾಸದ ಮನೆಯಾಯಿತು. ಅರಕಿಲ್ಲೆಯ ಮಿಕ್ಕ ಮಹಲುಗಳಿಗೂ ಹೀಗೆಯೇ ಒಂದೊಂದು ಸರ್ಕಾರಿ ಕೆಲಸ ಒದಗಿತು. ಇಷ್ಟರಮಟ್ಟಿಗೆ ನನ್ನ ಆಕ್ಷೇಪಣೆಯಿಲ್ಲ. ಅರಮನೆಯೂ ಮನೆಯೇ, ಅಲ್ಲಿ ಅಧಿಕಾರಿ ವಾಸಿಸಿದರೆ ಕಟ್ಟಡದ ಮಾನಕ್ಕೇನೂ ಕುಂದಿಲ್ಲ. ಆದರೆ ಸ್ಥಳದ ಆಸೆ ಅಲ್ಲಿಗೆ ನಿಲ್ಲಲಿಲ್ಲ. ಜೋಡು ಗುಮ್ಮಟಗಳಲ್ಲೊಂದು ಇಂಜಿನಿಯರರ ಬಿಡಾರವಾಯಿತು. ಗೋರಿಯ ಮೇಲೆ ಊಟದ ಮೇಜು! ಒಂದು ಮಸೀದಿಯಲ್ಲಿ ಪ್ರವಾಸಿಗಳ ಬಂಗಲೆ, ಇನ್ನೊಂದರಲ್ಲಿ ಅಂಚೆ ಕಚೇರಿ. ಜನ ತಲೆಬಾಗಿ ನಿಲ್ಲಬೇಕಾದ ಕಡೆ ಸ್ಟಾಂಪು ಕೊಳ್ಳಲು ಸಾಲು ನಿಂತರು. ಇವೆರಡನ್ನೂ ಅಲ್ಲಿಂದ ಎಬ್ಬಿಸಿದವನು ವೈಸರಾಯ್ ಲಾರ್ಡ್ ಕರ್ಜನ್. ಅಹಮದಾಬಾದಿನಲ್ಲಿ ಕಲ್ಲಿನ ಜಾಲಂಧ್ರಗಳಿಗೆ ಹೆಸರಾದ ಸೀದಿ ಸಯ್ಯದ್ ಮಸೀದಿಯೊಳಗೂ ತಾಲ್ಲೂಕು ಕಚೇರಿಯೊಂದು ಸೇರಿಕೊಂಡಿತ್ತು. ಅದನ್ನೂ ಅವನೇ ತೆರವು ಮಾಡಿಸಿದನು. ೧೯೦೪ರ ಪ್ರಾಚೀನ ಸ್ಮಾರಕಗಳ ಸಂರಕ್ಷಣಾ ಕಾಯಿದೆಯನ್ನು ತಂದವನೂ ಅವನೇ. ಬಂಗಾಲವನ್ನು ಒಡೆದವನನ್ನು ಹೊಗಳಲು ನಾಲಗೆ ಸುಲಭವಾಗಿ ಏಳುವುದಿಲ್ಲ. ಆದರೂ ಈ ಒಂದು ವಿಷಯದಲ್ಲಿ ಅವನಿಗೆ ಸಲ್ಲಬೇಕಾದುದನ್ನು ಸಲ್ಲಿಸಿಬಿಡೋಣ.

ಹೊಸ ಉಪಯೋಗವೆಂಬುದು ಆಂಗ್ಲರು ತಂದ ಕೆಟ್ಟ ಚಾಳಿಯೆಂದು ಮಾತ್ರ ಯಾರೂ ಭಾವಿಸಬಾರದು. ಕೋಟೆಯ ಕಂದಕದ ಆಚೆ, ಪೂರ್ವಕ್ಕೆ ಮುಖಮಾಡಿ ನಿಂತಿರುವ ಆಸಾರ್ ಮಹಲನ್ನು ನೋಡಿರಿ. ೧೬೪೬ರ ಸುಮಾರಿಗೆ ಕಟ್ಟಿದಾಗ ಅದು ದಾದ್ ಮಹಲ್, ಎಂದರೆ ನ್ಯಾಯದ ಮನೆ. ಮುಂದೆ ಕೊಳ, ಮಾಡನ್ನು ಹೊತ್ತು ನಿಂತ ನಾಲ್ಕು ಭಾರಿ ತೇಗದ ಕಂಬಗಳು, ಎದುರಿಗೆ ಗೋಡೆಯಿಲ್ಲದ ವಿಶಾಲವಾದ ಪಡಸಾಲೆ. ಅಹವಾಲು ಹೇಳಿಕೊಳ್ಳಲು ಬಂದ ಬಡವನಿಗೂ ಒಳಗೆ ಕುಳಿತವರು ಕಾಣುವಂಥ ರಚನೆ. ಆದಿಲ್ ಷಾಹಿಗಳ ಕಾಲದಲ್ಲೇ ಆ ಮನೆಯನ್ನು ಪ್ರವಾದಿಗಳ ಪವಿತ್ರ ಕೇಶವನ್ನಿಡುವ ಸ್ಥಳವನ್ನಾಗಿ ಮಾಡಿದರು. ನ್ಯಾಯ ಕೇಳಲು ಬರುತ್ತಿದ್ದ ಜನ ಆಮೇಲೆ ದರ್ಶನಕ್ಕೆ ಬರತೊಡಗಿದರು. ಬರುವುದು ಮಾತ್ರ ನಿಲ್ಲಲಿಲ್ಲ. ಆ ಊರಿನ ಅಷ್ಟೊಂದು ಮಹಲುಗಳು ಮಾಡು ಕಳೆದುಕೊಂಡು ಬರಿಯ ಗೋಡೆಗಳಾಗಿ ನಿಂತಿರುವಾಗ, ಇಷ್ಟು ಮರಮುಟ್ಟನ್ನುಳ್ಳ ಆಸಾರ್ ಮಹಲು ಉಳಿದುಕೊಂಡದ್ದಕ್ಕೆ ಈ ಎರಡನೆಯ ಜನ್ಮವೇ ಕಾರಣವೆಂದು ನನಗೆ ತೋರುತ್ತದೆ. ಅರಸೊತ್ತಿಗೆ ಹೋದಮೇಲೆ ನ್ಯಾಯದ ಮನೆಯನ್ನು ಯಾರು ಕಾಯುತ್ತಿದ್ದರು? ಭಕ್ತಿಯ ಮನೆಯನ್ನು ಕಾಯಲು ಸುಲ್ತಾನನೇ ಬೇಕೆಂದಿರಲಿಲ್ಲ.

ಗಗನ ಮಹಲಿಗೆ ಈ ಭಾಗ್ಯವಿರಲಿಲ್ಲ. ೧೫೬೧ರಲ್ಲಿ ಒಂದನೆಯ ಅಲಿ ಆದಿಲ್ ಷಾ ಕಟ್ಟಿಸಿದ ಆ ದರ್ಬಾರಿನ ನಡುಗಮಾನು ಅರವತ್ತು ಅಡಿಗೂ ಅಗಲ. ಅದರ ಮಾಡು, ಮೇಲಂತಸ್ತಿನ ನೆಲ ಎಲ್ಲವೂ ಮರದವು. ಮರ ಹೋಯಿತು, ಕಮಾನು ಉಳಿಯಿತು. ಇಂದು ಅದರ ಮುಂದೆ ನಿಂತು ಚಿತ್ರ ತೆಗೆಯಿಸಿಕೊಳ್ಳುವವರಿಗೆ, ಅದೊಂದು ಕಟ್ಟಡದ ಮುಖ ಮಾತ್ರ, ದೇಹವೆಲ್ಲ ಕರಗಿಹೋಗಿದೆ ಎಂಬುದು ಹೊಳೆಯುವುದೂ ಇಲ್ಲ. ಖಾಲಿ ಬಿಟ್ಟರೆ ಕಟ್ಟಡ ಪರಿಶುದ್ಧವಾಗಿ ಉಳಿಯುತ್ತದೆಂದು ವಾದಿಸುವವರು ನಮ್ಮ ತರಗತಿಯಲ್ಲಿಯೂ ಇದ್ದಾರೆ. ಒಬ್ಬ ಗೆಳೆಯನಂತೂ, "ಮುಪ್ಪಿನವರನ್ನು ದುಡಿಸಬಾರದು, ಹಳೆಯ ಕಟ್ಟಡಗಳನ್ನೂ ಹಾಗೆಯೇ ವಿಶ್ರಾಂತಿಗೆ ಬಿಡಬೇಕು" ಎನ್ನುತ್ತಾನೆ. ಮಾತು ಕೇಳಲು ಚೆನ್ನಾಗಿದೆ. ಆದರೆ ಮನುಷ್ಯನಿಗೂ ಕಟ್ಟಡಕ್ಕೂ ಒಂದು ಭೇದವಿದೆ. ಜನ ಓಡಾಡದ ಮಾಳಿಗೆಯಲ್ಲಿ ಅರಳಿಯ ಸಸಿ ಗೋಡೆಯ ಸಂದಿಗೆ ಬೇರಿಳಿಸಿದರೆ ಕೀಳುವವರಾರು? ಸೂರಿನಿಂದ ಒಂದು ಹನಿ ತೊಟ್ಟಿಕ್ಕಿದ್ದನ್ನು ಕಂಡು ಮೇಲಿನವರಿಗೆ ಕಾಗದ ಬರೆಯುವವರಾರು? ಹಾಳೂರಿಗೆ ಉಳಿದವನೇ ಗೌಡ ಎಂಬಂತೆ, ಖಾಲಿ ಕಟ್ಟಡಕ್ಕೆ ಬಾವಲಿಯೇ ಒಡೆಯ.

ಹಾಗೆಂದು ಯಾವ ಉಪಯೋಗವಾದರೂ ಆದೀತೆಂದರೆ ಬೀದರವನ್ನು ನೆನೆಯಬೇಕಾಗುತ್ತದೆ. ೧೪೭೨ರಲ್ಲಿ ಮಹಮೂದ್ ಗವಾನನು ಕಟ್ಟಿಸಿದ ಮದರಸಾ ಅಲ್ಲಿದೆ. ಬಣ್ಣದ ಹೆಂಚುಗಳಿಂದ ಮೈಮುಚ್ಚಿದ ವಿದ್ಯಾಪೀಠ. ಔರಂಗಜೇಬನ ಕಾಲಕ್ಕೆ ಅದನ್ನು ಸೈನಿಕರ ಬಿಡಾರವನ್ನಾಗಿ ಮಾಡಿ, ಕೋಣೆಗಳಲ್ಲಿ ಮದ್ದನ್ನು ತುಂಬಿದರು. ೧೬೯೬ರಲ್ಲಿ ಸಿಡಿಲೆರಗಿ ಮದ್ದು ಸಿಡಿಯಿತು. ಮುಂಭಾಗದ ಬಹುಪಾಲು, ಎರಡು ಮಿನಾರುಗಳಲ್ಲೊಂದು ನೆಲಕ್ಕುರುಳಿದವು. ಗ್ರಂಥಗಳಿದ್ದ ಮನೆಯಲ್ಲಿ ಕೋವಿಯ ಮದ್ದನ್ನಿಟ್ಟವನು ಯಾವನೋ ಕ್ರೂರಿಯೆಂದು ನಾನು ಭಾವಿಸುವುದಿಲ್ಲ. ಗೋಡೆ ದಪ್ಪವಾಗಿದೆ, ಕೋಣೆ ಒಣಗಿದೆ, ಬೀಗ ಗಟ್ಟಿಯಾಗಿದೆ ಎಂದು ಲೆಕ್ಕಹಾಕಿದ ಯಾವನೋ ದಕ್ಷ ಉಗ್ರಾಣದವನೇ ಇದ್ದಿರಬೇಕು. ಎಷ್ಟು ಚದರಡಿ, ಎಷ್ಟು ಬಾಗಿಲು ಎಂದು ಮಾತ್ರ ನೋಡಿ ಕಟ್ಟಡವನ್ನು ಹಂಚುವ ದಕ್ಷರು ಎಲ್ಲ ಕಾಲದಲ್ಲಿಯೂ ಇರುತ್ತಾರೆ. ಅದೇ ಬೀದರದ ಕೋಟೆಯೊಳಗೆ ಹಳೆಯ ಅರಸು ಮನೆತನದ ಸ್ನಾನಗೃಹವೊಂದು ಈಗ ಸಣ್ಣ ವಸ್ತುಸಂಗ್ರಹಾಲಯವಾಗಿದೆ. ಅಲ್ಲಿ ಮೀಯುವವರಿಲ್ಲ, ಆದರೆ ಕಟ್ಟಡ ಕೆಡದೆ ನಿಂತಿದೆ.

ಹಾಗಾದರೆ ಸರಿಯಾದ ಉಪಯೋಗವನ್ನು ಗುರುತಿಸುವುದು ಹೇಗೆ? ಕಟ್ಟಡದಲ್ಲಿ ಹಿಂದೆ ಏನು ನಡೆಯುತ್ತಿತ್ತೆಂದು ಕೇಳುವುದಕ್ಕಿಂತ, ಕಟ್ಟಡ ಯಾರಿಗೆ ಏನು ಮಾಡುತ್ತಿತ್ತೆಂದು ಕೇಳುವುದು ಮೇಲೆಂದು ನನ್ನೆಣಿಕೆ. ನಗಾರಖಾನೆಯಲ್ಲಿ ನಡೆಯುತ್ತಿದ್ದುದು ವಾದ್ಯ. ಆದರೆ ಅದು ಮಾಡುತ್ತಿದ್ದುದು ಮುನ್ಸೂಚನೆ. ಬರುವವನನ್ನು ತಡೆದು ನಿಲ್ಲಿಸಿ, ಮುಂದಿರುವುದು ಸಾಮಾನ್ಯವಾದದ್ದಲ್ಲ, ಸಿದ್ಧನಾಗಿ ಹೋಗು ಎಂದು ಹೇಳುವುದು ಅದರ ಧರ್ಮ. ಈಗ ಅದರೊಳಗೆ ಇರುವುದೇನು? ಕನ್ನಡ, ಸಂಸ್ಕೃತ, ಅರಬ್ಬೀ, ಪಾರಸೀ ಶಾಸನಗಳು, ಜೈನ ಮತ್ತು ಬ್ರಾಹ್ಮಣ ಶಿಲ್ಪಗಳು, ವೀರಗಲ್ಲುಗಳು, ಆಯುಧಗಳು, ನಾಣ್ಯಗಳು, ಹಸ್ತಪ್ರತಿಗಳು, ಚೀನೀ ಪಿಂಗಾಣಿ, ಚಿತ್ರಗಳು, ಜಮಖಾನೆಗಳು. ಇವನ್ನು ಅರ್ಧಗಂಟೆ ನೋಡಿ ಹೊರಬಂದು ಗುಮ್ಮಟದತ್ತ ತಿರುಗಿದವನ ಕಣ್ಣು ಬೇರೆ, ಮೋಟಾರಿನಿಂದಿಳಿದು ನೇರವಾಗಿ ಗ್ಯಾಲರಿಗೆ ಓಡಿದವನ ಕಣ್ಣು ಬೇರೆ. ಮೊದಲನೆಯವನಿಗೆ, ಆ ಗುಮ್ಮಟವನ್ನು ಕಟ್ಟಿದ ಜನ ಯಾವ ತಟ್ಟೆಯಲ್ಲಿ ಉಂಡರು, ಯಾವ ಕತ್ತಿ ಹಿಡಿದರು, ಎಂಥ ಕಾಗದದ ಮೇಲೆ ಬರೆದರು, ಅವರಿಗೂ ಮೊದಲು ಈ ನೆಲದಲ್ಲಿ ಯಾರ ಶಾಸನ ನಡೆಯುತ್ತಿತ್ತು ಎಂಬುದು ಗೊತ್ತಿದೆ. ನಗಾರಿ ಹೇಳುತ್ತಿದ್ದ ಮಾತನ್ನೇ ಈ ವಸ್ತುಗಳು ಬೇರೊಂದು ಭಾಷೆಯಲ್ಲಿ ಹೇಳುತ್ತಿವೆ. ಕೆಲಸ ಬದಲಾಯಿತು, ಧರ್ಮ ಬದಲಾಗಲಿಲ್ಲ.

ಇನ್ನೊಂದು ಅಂಶ, ಅಳತೆಯದು. ಇಷ್ಟೊಂದು ಸ್ಥಳವಿರುವ ಗುಮ್ಮಟದೊಳಗೇ ಸಂಗ್ರಹಾಲಯವನ್ನು ಮಾಡಬಹುದಿತ್ತಲ್ಲ ಎಂದು ಕೆಲವರು ಕೇಳಬಹುದು. ಆ ಹದಿನೆಂಟು ಸಾವಿರ ಚದರಡಿಯ ನಡುವೆ ಒಂದು ನಾಣ್ಯವನ್ನಿಟ್ಟು ನೋಡಿರಿ! ಮನುಷ್ಯನೇ ಅಲ್ಲಿ ಇರುವೆಯಾಗುತ್ತಾನೆ. ನಾಣ್ಯ, ಪುಟ, ಬಟ್ಟಲು ಇವು ಕೈಯ ಅಳತೆಯ ವಸ್ತುಗಳು. ಇವಕ್ಕೆ ಬೇಕಾದುದು ಹತ್ತಿಪ್ಪತ್ತು ಜನ ಆರಾಮವಾಗಿ ನಡೆದಾಡುವ, ತಲೆಯೆತ್ತದೆಯೇ ಗೋಡೆ ಕಾಣಿಸುವ ಮನೆ. ಆಕಾಶದಷ್ಟು ದೊಡ್ಡದಾದ ಗುಮ್ಮಟಕ್ಕೂ ಅಂಗೈಯಷ್ಟು ಚಿಕ್ಕದಾದ ನಾಣ್ಯಕ್ಕೂ ನಡುವೆ ಸಂಧಾನ ಮಾಡಿಸಬಲ್ಲ ಗಾತ್ರ ನಗಾರಖಾನೆಗಿದೆ. ಸಣ್ಣ ಕಟ್ಟಡಗಳ ದೊಡ್ಡ ಗುಣ ಇದೇ.

ಎಲ್ಲವೂ ಸರಿಹೊಂದಿದೆಯೆಂದು ಹೇಳಿದರೆ ಅದು ಪಕ್ಷಪಾತವಾದೀತು. ವಾದ್ಯಕ್ಕೆ ಬೇಕಾದುದು ಗಾಳಿ, ಬೆಳಕು, ತೆರೆದ ಬಾಯಿ. ಜಮಖಾನೆಗೂ ಹಸ್ತಪ್ರತಿಗೂ ಇವೇ ಶತ್ರುಗಳು. ಬಿಜಾಪುರದ ಬಿಸಿಲೂ ಧೂಳೂ ಎಂಥವೆಂಬುದನ್ನು ಚೈತ್ರ ವೈಶಾಖದಲ್ಲಿ ಅಲ್ಲಿದ್ದವರೇ ಬಲ್ಲರು. ದಪ್ಪ ಕಲ್ಲುಗೋಡೆ ಒಳಗನ್ನು ತಂಪಾಗಿಡುತ್ತದೆಂಬುದು ನಿಜ. ಆದರೆ ಕಮಾನನ್ನು ಮುಚ್ಚಿದರೆ ಕಟ್ಟಡದ ಮುಖ ಕುರುಡಾಗುತ್ತದೆ, ಮುಚ್ಚದಿದ್ದರೆ ಬಟ್ಟೆಯ ಬಣ್ಣ ಹಾರುತ್ತದೆ. ಈ ಜಗಳದಲ್ಲಿ ವಸ್ತುವಿಗೆ ಒಂದು ಪಾಲು, ಕಟ್ಟಡಕ್ಕೆ ಒಂದು ಪಾಲು ಎಂದು ಹಂಚಿ ರಾಜಿಮಾಡುವುದು ಕ್ಯೂರೇಟರರ ಕಷ್ಟ. ಮುಚ್ಚಲೇಬೇಕಾದರೆ, ಮುಂದೊಂದು ದಿನ ಬೇಡವೆಂದಾಗ ಕಲ್ಲಿಗೆ ಗಾಯವಾಗದಂತೆ ಬಿಚ್ಚಿ ತೆಗೆಯುವ ಹಾಗೆ ಮರದಿಂದ ಗಾಜಿನಿಂದ ಮುಚ್ಚಲಿ. ಇಟ್ಟಿಗೆ ಸಿಮೆಂಟುಗಳಿಂದ ಬೇಡ. ಸಿಮೆಂಟಿಗೂ ಹಳೆಯ ಗಾರೆಗೂ ಅತ್ತೆ ಸೊಸೆಯರ ಸಂಬಂಧ. ಗಾರೆ ತೇವವನ್ನು ಹೀರಿ ಹೊರಕ್ಕೆ ಬಿಡುತ್ತದೆ. ಸಿಮೆಂಟು ಅದಕ್ಕೆ ಎಡೆಗೊಡುವುದಿಲ್ಲ. ಒಳಗೇ ಉಳಿದ ನೀರು ಕೊನೆಗೆ ಕಲ್ಲಿನ ಮುಖವನ್ನೇ ಕೀಳುತ್ತದೆ. ಅಂಚೆಯ ಪೆಟ್ಟಿಗೆಯನ್ನು ಮಸೀದಿಯಿಂದ ಒಂದು ದಿನದಲ್ಲಿ ಎತ್ತಿಸಬಹುದಾಗಿತ್ತು. ಸಿಮೆಂಟನ್ನು ಹಾಗೆ ಎತ್ತಿಸಲು ಯಾವ ವೈಸರಾಯನಿಂದಲೂ ಆಗದು.

ಅಲ್ಲಿಯ ಜಮಖಾನೆಗಳ ಮಾತು ಬಂದುದರಿಂದ ಇನ್ನೊಂದು ವಿಷಯ. ಅವುಗಳಲ್ಲಿ ಬಹಳ ಹೆಸರಾದವು ಆಸಾರ್ ಮಹಲಿನಿಂದ ಬಂದವು. ಅದೇ ಆಸಾರ್ ಮಹಲಿನಲ್ಲಿ ಆದಿಲ್ ಷಾಹಿ ಪುಸ್ತಕ ಭಂಡಾರದ ಅರಬ್ಬೀ ಪಾರಸೀ ಗ್ರಂಥಗಳೂ ಇದ್ದವು. ಅವು ೧೮೫೩ರಲ್ಲಿ ಲಂಡನ್ನಿಗೆ ಹೋದವು. ಇಂಡಿಯಾ ಆಫೀಸಿನ ಪುಸ್ತಕಾಲಯದಲ್ಲಿದ್ದು ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. ಆಗ ಬಿಜಾಪುರದಲ್ಲಿ ಅವನ್ನಿಡಲು ತಕ್ಕ ಮನೆಯೊಂದಿರಲಿಲ್ಲವೆಂಬ ಸಮಾಧಾನವನ್ನು ಬೇಕಾದರೆ ಹೇಳಿಕೊಳ್ಳಬಹುದು. ನಲವತ್ತು ವರ್ಷಗಳ ತರುವಾಯ ಅಂಥ ಮನೆಯೊಂದು ಆಯಿತು. ಜಮಖಾನೆಗಳು ಊರಲ್ಲೇ ಉಳಿದವು. ನಮ್ಮ ಕಾಲೇಜಿನಲ್ಲಿ ಇತಿಹಾಸವನ್ನು ಓದುವವನೊಬ್ಬ ಆದಿಲ್ ಷಾಹಿ ಗ್ರಂಥದ ಹಾಳೆಯನ್ನು ಮುಟ್ಟಿ ನೋಡಬೇಕಾದರೆ ಕಡಲು ದಾಟಬೇಕು. ಜಮಖಾನೆಯನ್ನು ನೋಡಲು ಬಸ್ಸು ಹತ್ತಿದರೆ ಸಾಕು. ಒಂದು ಸಣ್ಣ ಕಟ್ಟಡ ತಕ್ಕ ಸಮಯಕ್ಕೆ ಖಾಲಿಯಿದ್ದುದರಿಂದ, ಅದನ್ನು ಕೆಡವದೆ ಉಪಯೋಗಿಸುವ ಬುದ್ಧಿ ಯಾರಿಗೋ ಬಂದುದರಿಂದ ಆದ ಲಾಭ ಇದು.

ಇದೆಲ್ಲ ಗೋಳಗುಮ್ಮಟದಂಥ ಸ್ಥಳಕ್ಕಾಯಿತು, ಕಾನೂನಿನ ಕಾವಲಿದೆ, ಇಲಾಖೆಯಿದೆ. ನಮ್ಮೂರಿನ ಗತಿಯೇನು ಎಂದು ಕೇಳುವವರಿದ್ದಾರೆ. ನಿಜವಾದ ಪ್ರಶ್ನೆ ಇದೇ. ಚಾವಡಿ, ಮುಸಾಫರಖಾನೆ, ಹಳೆಯ ಮಾಮಲೇದಾರ ಕಚೇರಿ, ಕನ್ನಡ ಗಂಡುಮಕ್ಕಳ ಶಾಲೆ, ಸುಂಕದ ಕಟ್ಟೆ ಇವು ಯಾವ ಕಾಯಿದೆಯ ಪಟ್ಟಿಯಲ್ಲಿಯೂ ಇಲ್ಲ. ನಾನು ಬಲ್ಲ ಒಂದು ಊರಿನಲ್ಲಿ, ಕಲ್ಲಿನ ಕಂಬಗಳ ಮೇಲೆ ತೇಗದ ತೊಲೆಗಳನ್ನಿಟ್ಟು ಕಟ್ಟಿದ ಚಾವಡಿಯೊಂದಿತ್ತು. ಮೂರು ಕಡೆ ಜಗಲಿ, ಬೇಸಿಗೆಯಲ್ಲಿಯೂ ತಂಪು. ಹೊಸ ಆಡಳಿತ ಕಟ್ಟಡವಾದ ಮೇಲೆ ಅದಕ್ಕೆ ಕೆಲಸ ತಪ್ಪಿತು. ನಾಲ್ಕು ವರ್ಷ ಬೀಗ, ಐದನೆಯ ವರ್ಷ ಸೂರು ಕುಸಿತ, ಆರನೆಯ ವರ್ಷ "ಶಿಥಿಲ ಕಟ್ಟಡ" ಎಂಬ ಹಲಗೆ, ಏಳನೆಯ ವರ್ಷ ಅದೇ ಜಾಗದಲ್ಲಿ ಮಳಿಗೆಗಳ ಸಾಲು. ಅದೇ ಊರಿನಲ್ಲಿ ಗ್ರಂಥಾಲಯ ಮಾತ್ರ ಬಾಡಿಗೆಯ ಕೋಣೆಯಲ್ಲಿ ನಡೆಯುತ್ತಿತ್ತು. ಪತ್ರಿಕೆ ಓದುವ ಮುದುಕರು ಮೆಟ್ಟಿಲ ಮೇಲೆ ಕೂರುತ್ತಿದ್ದರು. ಚಾವಡಿ ಎಂದರೇನು? ಊರಿನ ಜನ ಕೂತು ಸುದ್ದಿ ಕೇಳಿ, ಚರ್ಚಿಸಿ, ಒಂದು ತೀರ್ಮಾನಕ್ಕೆ ಬರುವ ಸ್ಥಳ. ಪತ್ರಿಕಾಲಯ ಎಂದರೇನು? ಅದೇ. ಈ ಎರಡನ್ನೂ ಕೂಡಿಸುವವರು ಒಬ್ಬರೂ ಇರಲಿಲ್ಲ.

ಮಳಿಗೆಯೂ ಊರಿಗೆ ಬೇಕಲ್ಲವೆ, ಪಂಚಾಯತಿಗೆ ಬಾಡಿಗೆ ಬರುತ್ತದಲ್ಲವೆ ಎಂದು ನಮ್ಮ ಅರ್ಥಶಾಸ್ತ್ರದ ಮಿತ್ರರು ಕೇಳುತ್ತಾರೆ. ಬೇಕು, ಬರುತ್ತದೆ. ಹೊಟ್ಟೆಗೆ ಹಿಟ್ಟಿಲ್ಲದವನಿಗೆ ಕಮಾನಿನ ಸೊಬಗನ್ನು ಬೋಧಿಸುವ ಉದ್ದೇಶ ನನಗಿಲ್ಲ. ಕೊಠಡಿಗಳು ಸಾಲದೆ ಪಾಳಿಯಲ್ಲಿ ಪಾಠ ಕೇಳುವ ಸರ್ಕಾರಿ ಕಾಲೇಜಿನ ನಮಗೆ ಜಾಗದ ಬೆಲೆ ಚೆನ್ನಾಗಿ ಗೊತ್ತು. ನಾನು ಕೇಳುವುದು ಇಷ್ಟೇ: ಕೆಡವುವ ಲೆಕ್ಕವನ್ನು ಹಾಕುವಾಗ ಉಳಿಸುವ ಲೆಕ್ಕವನ್ನೂ ಅದರ ಪಕ್ಕದಲ್ಲಿ ಬರೆದು ತೋರಿಸಿರಿ. ಇನ್ನೂ ಗಟ್ಟಿಯಾಗಿರುವ ಕಲ್ಲುಗೋಡೆಗೆ ಎಷ್ಟು ಬೆಲೆ? ಆ ತೇಗ ಇಂದು ಎಲ್ಲಿ ಸಿಗುತ್ತದೆ? ಬೆಂಗಳೂರಿನಲ್ಲಿ ಒಂದೇ ಸರ್ಕಾರಿ ಕಚೇರಿ ಮೂರು ಮನೆ ಬದಲಾಯಿಸಿದ ಕಥೆ ಎಲ್ಲರಿಗೂ ತಿಳಿದದ್ದೇ. ಟಿಪ್ಪು ೧೭೯೧ರಲ್ಲಿ ಮುಗಿಸಿದ ತೇಗದ ಅರಮನೆಯಲ್ಲಿ ೧೮೩೧ರಿಂದ ೧೮೬೮ರವರೆಗೆ ಆಡಳಿತ ನಡೆಯಿತು. ಅಲ್ಲಿಂದ ಅದು ಕೆಂಪು ಬಣ್ಣದ ಅಠಾರಾ ಕಚೇರಿಗೆ ಹೋಯಿತು, ೧೯೫೬ರಲ್ಲಿ ವಿಧಾನಸೌಧವಾದಾಗ ಅಲ್ಲಿಗೆ. ಬಿಟ್ಟುಹೋದ ಎರಡು ಮನೆಗಳೂ ಉಳಿದವು. ಅರಮನೆಯನ್ನು ಜನ ನೋಡಲು ಬರುತ್ತಾರೆ. ಅಠಾರಾ ಕಚೇರಿ ಉಚ್ಚ ನ್ಯಾಯಾಲಯವಾಯಿತು. ೧೯೮೦ರ ದಶಕದಲ್ಲಿ ಅದನ್ನು ಕೆಡವುವ ಮಾತು ಬಂದಾಗ ನಾಗರಿಕರು ಅದೇ ನ್ಯಾಯಾಲಯಕ್ಕೆ ದೂರು ಹೋದರು. ಅರ್ಜಿ ಬಿದ್ದುಹೋಯಿತು, ಕಟ್ಟಡ ಬೀಳಲಿಲ್ಲ. ಊರಲ್ಲಿ ಎದ್ದ ಕೂಗಿಗೆ ಸರ್ಕಾರವೇ ಮನಸ್ಸು ಬದಲಿಸಿತು.

ಕೂಗಿನ ಮಾತು ಬಂದುದರಿಂದ ಮತ್ತೆ ನಗಾರಖಾನೆಗೆ ಬರುತ್ತೇನೆ. ಅಲ್ಲಿ ದಿನಕ್ಕೊಮ್ಮೆಯಾದರೂ, ಬಾಗಿಲು ತೆರೆಯುವ ಹೊತ್ತಿಗೆ, ಒಂದು ನಗಾರಿಯನ್ನು ಬಾರಿಸುವ ಏರ್ಪಾಡಾಗಬೇಕೆಂದು ನನಗೊಂದು ಆಸೆಯಿದೆ. ಮಾಳಿಗೆಯಲ್ಲಿ ಬೇಡ, ಅಲ್ಲಿಯ ಗಾಜುಗಳಿಗೂ ಹಳೆಯ ಚಿತ್ರಗಳಿಗೂ ಅದರ ಅದಿರು ಒಳ್ಳೆಯದಲ್ಲ. ಎ���ುರಿನ ಅಂಗಳದಲ್ಲಿ ಸಾಕು. ನಗಾರಿಯನ್ನು ಬಲ್ಲ ವೃದ್ಧರು ಸುತ್ತಲಿನ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಅವರಿಗೂ ನಾಲ್ಕು ಕಾಸು ದೊರೆಯುತ್ತದೆ. ಸದ್ದು ಕೇಳಿದವನು ತಿರುಗಿ ನೋಡುತ್ತಾನೆ; ತಿರುಗಿದವರಲ್ಲಿ ಕೆಲವರಾದರೂ ಒಳಗೆ ಬರುತ್ತಾರೆ. ನನ್ನ ಈ ಸೂಚನೆಯನ್ನು ಕೇಳಿದ ಗುರುಗಳೊಬ್ಬರು, "ಇಲಾಖೆಯವರು ಒಪ್ಪಲಾರರಪ್ಪಾ, ಮೊದಲು ನಿಮ್ಮ ಕೈಲಾದುದನ್ನು ಮಾಡಿರಿ" ಎಂದು ನಕ್ಕರು. ಕೈಲಾದುದೂ ಒಂದಿದೆ. ನಮ್ಮ ಇತಿಹಾಸ ಸಂಘದವರು ರಜೆಯಲ್ಲಿ ಇಬ್ಬಿಬ್ಬರಂತೆ ಹೋಗಿ, ಪ್ರವಾಸಕ್ಕೆ ಬಂದ ಶಾಲೆಯ ಮಕ್ಕಳನ್ನು ಗ್ಯಾಲರಿಗೆ ಓಡುವ ಮೊದಲು ಅರ್ಧಗಂಟೆ ನಗಾರಖಾನೆಯಲ್ಲಿ ಸುತ್ತಾಡಿಸಬಹುದು. ಶಾಸನದ ಲಿಪಿಯನ್ನು ಓದಿ ಹೇಳಲು ಕನ್ನಡ ವಿಭಾಗದವರು ಜೊತೆಗೆ ಬಂದರೆ ಇನ್ನೂ ಒಳ್ಳೆಯದು. ಬರಲಿಚ್ಛಿಸುವವರು ಸಂಘದ ಕಾರ್ಯದರ್ಶಿಗಳಲ್ಲಿ ಹೆಸರು ಕೊಡಬೇಕಾಗಿ ವಿನಂತಿ. ಶುಕ್ರವಾರ ಸಂಗ್ರಹಾಲಯಕ್ಕೆ ರಜೆ. ಉಳಿದ ದಿನಗಳಲ್ಲಿ ಬೆಳಿಗ್ಗೆ ಹತ್ತಕ್ಕೆ ಬಾಗಿಲು ತೆರೆಯುತ್ತಾರೆ.